ಗುಂಯ್ ಅನ್ನುವ ಕೈ

ತುಮಕೂರಿನ ಉಪ್ಪಾರಹಳ್ಳಿಯ ನನ್ನ ಅಂಗಡಿಯಲ್ಲಿ ಮೈಕ್ ಟೆಸ್ಟ್ ಮಾಡುತ್ತಾ ನಾನೊಮ್ಮೆ ಕೆಮ್ಮಿದೆ. ಅವತ್ತು ಸಂಜೆಯೊಳಗೆ ದೂರದ ಗುಬ್ಬಿ ಪೇಟೆಯ ಮೆಡಿಕಲ್ ಸ್ಟೋರಿನಲ್ಲಿ ಕೆಮ್ಮಿನ ಔಷಧವೆಲ್ಲ ಖಾಲಿ. ಕೇಳಿಸಿಕೊಂಡವರೆಲ್ಲ ಕೆಮ್ಮು ತಮ್ಮದೇ ಇರಬೇಕೆಂದು ಹೆದರಿ ಕೊಂಡುಕೊಂಡು ಕುಡಿದಿದ್ದರು. ಇದನ್ನು ನಂಬದವರು ಪುಟ ಮಗುಚಿ ಮುಂದೆ ಹೋಗಬಹುದು. ನಂಬುವವರಿಗೆ ನನ್ನ ಪರಿಚಯ: ನಯಾಜ್ ಅಹಮದ್, ನಯಾಜ್ ಸೌಂಡ್ಸ್ ಮಾಲೀಕ. ಹುಟ್ಟಿದ್ದು ಗುಬ್ಬಿಯಲ್ಲಿ, ಕೀರ್ತಿ ಹಬ್ಬಿದ್ದು ಜಿಲ್ಲೆಯ ಉದ್ದಗಲಕ್ಕೂ. ಮದುವೆ, ಉರುಸು, ಮಠದ ಪ್ರವಚನ, ಪಂಚಾಯಿತಿ ಚುನಾವಣೆ, ಎಲ್ಲಕ್ಕೂ ನನ್ನ ಸ್ಪೀಕರೇ ಬಾಯಿ.

ಜೊತೆಗೆ ನಾನು ಸಂಶೋಧಕ. ರೊಟ್ಟಿಯನ್ನು ತಾನೇ ಮಗುಚಿಹಾಕುವ ಯಂತ್ರ ಮಾಡಿದೆ. ಅದು ಎಸೆದ ರೊಟ್ಟಿ ತಿಂದುಕೊಂಡೇ ಪಕ್ಕದ ಬೀದಿಯವರು ಮಳೆಗಾಲ ಪೂರ್ತಿ ಒಲೆ ಹಚ್ಚಲಿಲ್ಲ. ಸೊಳ್ಳೆ ಓಡಿಸುವ ಸ್ಪೀಕರ್ ಮಾಡಿದೆ. ಸಂಗೀತ ಹಿಡಿಸಿ ಮರಳೂರಿನ ಸೊಳ್ಳೆಗಳೂ ಸಂಸಾರ ಸಮೇತ ಇತ್ತ ಬಂದವು. ನನ್ನ ಹೆಂಡತಿ ಸಲೀಮಾ ನಮ್ಮ ಮನೆಮಾತಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ನಿಮ್ಮ ಮಷೀನೆಲ್ಲಾ ಸರಿಯಾಗೇ ಇದಾವೆ ಕಣ್ರೀ. ಅದಕ್ಕೆ ತಕ್ಕ ಕಷ್ಟ ಇನ್ನೂ ಯಾರಿಗೂ ಬಂದಿಲ್ಲ, ಅಷ್ಟೆ."

ಈ ಮಾತು ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು ನಮ್ಮೂರಿನದೇ ಸದಾಶಿವನಗರದ ಅನುಪಮಾ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ ಮೇಲೆ.

ಆಸ್ಪತ್ರೆಯ ಯಂತ್ರಗಳನ್ನು ರೂಪಿಸುವ ಎಂಜಿನಿಯರಿಂಗ್ ಓದಿದ ಹುಡುಗಿ. ಎಣ್ಣೆ ಹಾಕಿ ಬಿಗಿದ ಜಡೆ, ಹೆಗಲಿಗೊಂದು ಬಟ್ಟೆ ಚೀಲ, ಕಣ್ಣು ಮಾತ್ರ ಹದ್ದಿನದು. ಆ ಕಣ್ಣು ಒಂದು ಸಲ ನನ್ನ ಅಂಗಡಿಯ ಮೇಲೆ ಹರಿದಾಡಿದ್ದಕ್ಕೆ ಹತ್ತು ವರ್ಷದ ಹಿಂದೆ ಕಳೆದುಹೋಗಿದ್ದ ಸ್ಕ್ರೂಡ್ರೈವರ್ ನಾಚಿಕೊಂಡು ತಾನೇ ಹೊರಗೆ ಬಂತು.

"ನಯಾಜ್ ಭಾಯ್, ಮುಟ್ಟಿದ್ದನ್ನ ಮಾತ್ರ ಕೇಳಿಸ್ಕೊಳೋ ಮೈಕು ಇದೆಯಾ? ಸುತ್ತಲ ಗಲಾಟೆ ಅದಕ್ಕೆ ಕೇಳಬಾರದು."

"ಇದೆಯಾ ಅಂತ ಕೇಳ್ತೀಯಲ್ಲಮ್ಮ! ತಬಲಕ್ಕೆ ಅಂಟಿಸ್ತೀವಲ್ಲ, ಆ ಬಿಲ್ಲೆ ಮೈಕು. ಯಾವ ಮಷೀನಿಗೆ ಬೇಕು ಹೇಳು. ಸಾಯಂಕಾಲಕ್ಕೆ ಮಷೀನನ್ನೇ ಮಾಡಿಕೊಟ್ಬಿಡ್ತೀನಿ."

"ಯಾವ ಮಷೀನು ಅಂತ ನಂಗಿನ್ನೂ ಗೊತ್ತಿಲ್ಲ."

"ಗೊತ್ತಿಲ್ವಾ?"

"ಕಷ್ಟ ಏನು ಅಂತಾನೇ ಈಗೀಗ ಗೊತ್ತಾಗ್ತಿದೆ. ಮಷೀನು ಆಮೇಲೆ."

ನಾನು ಕುರ್ಚಿಯಿಂದ ಬಿದ್ದೆ. ನಿಜವಾಗಿ ಬಿದ್ದೆ. ಎದ್ದು ಕೂತ ಮೇಲೆ ಅವಳು ಬಿಡಿಸಿ ಹೇಳಿದಳು. ಒಂದು ವರ್ಷ ಆಸ್ಪತ್ರೆಯಲ್ಲಿ ಸುಮ್ಮನೆ ಕೂತು ನೋಡುವುದೇ ಅವಳ ಕೆಲಸ. ರೋಗಿಗಳಿಗೆ, ನರ್ಸ್‌ಗಳಿಗೆ, ಡಾಕ್ಟರರಿಗೆ ಎಲ್ಲೆಲ್ಲಿ ಕೈ ಸೋಲುತ್ತದೆ ಎಂದು ನೋಡಬೇಕು. ಅದರಲ್ಲಿ ಯಾವ ಕಷ್ಟಕ್ಕೆ ಇನ್ನೂ ದಾರಿಯೇ ಇಲ್ಲವೋ ಅದನ್ನು ಆರಿಸಬೇಕು. ಆಮೇಲಷ್ಟೇ ಸ್ಕ್ರೂ, ಮೊಳೆ, ವೈರು. ಇಂಥದ್ದಕ್ಕೂ ಸಂಬಳ ಕೊಡುವವರು ಇದ್ದಾರಂತೆ. ಈಗ ಬಿ.ಎಚ್. ರಸ್ತೆಯ ಪಕ್ಕದ ಒಂದು ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ಅವಳು ತಿಂಗಳುಗಟ್ಟಲೆ ಕೂತಿದ್ದಳು.

"ಅಲ್ಲಿ ಕುಣಿಗಲ್‌ನಿಂದ ಒಬ್ಬರು ಬರ್ತಾರೆ. ರಿಟೈರ್ಡ್ ಟೀಚರ್, ಸರ್ವಮಂಗಳ ಅಂತ. ಅವರ ಕೈ ಸದ್ದು ಕೇಳ್ಬೇಕು ನಂಗೆ."

ನಾನು ಇನ್ನೊಂದು ಸಲ ಕುರ್ಚಿಯಿಂದ ಬಿದ್ದೆ.

ಸರ್ವಮಂಗಳ ಮಿಸ್ ನನಗೆ ಗುಬ್ಬಿಯಲ್ಲಿ ಐದನೇ ಕ್ಲಾಸಿನ ಟೀಚರ್. ಬೇಸಿಗೆ ರಜೆಯ ಮೇಲೆ ಪ್ರಬಂಧ ಬರೆಯಿರಿ ಎಂದಾಗ, ನಾನು ಹುಲಿಯ ಬೆನ್ನೇರಿ ಮಾವಿನ ತೋಪು ಸುತ್ತಿದ್ದನ್ನು ಬರೆದಿದ್ದೆ. ಕೆಳಗೆ ಕೆಂಪು ಇಂಕಿನಲ್ಲಿ "ಸುಳ್ಳು. ಆದರೆ ಚೆನ್ನಾಗಿದೆ" ಎಂದು ಬರೆದು, ಕಿವಿಯನ್ನೂ ಹಿಂಡಿದ್ದರು. ಹಿಂಡಿದ ರಭಸಕ್ಕೆ ನನ್ನ ಬಲಗಿವಿ ಇವತ್ತಿಗೂ ಎಡಗಿವಿಗಿಂತ ಒಂದು ಗೇಣು ಉದ್ದವಿದೆ. ನಾನು ಸೌಂಡ್ ಲೈನಿಗೆ ಬಂದದ್ದೇ ಆ ಕಿವಿಯ ಬಲದಿಂದ.

ಮಾರನೆಯ ದಿನವೇ ಅನುಪಮಾ ಹಿಂದೆ ವಾರ್ಡಿಗೆ ಹೋದೆ. ಮಿಸ್ ಮಂಚದ ಮೇಲೆ ಒರಗಿದ್ದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಬೆಳ್ಳಿ ಕರಡಿಗೆ, ಎಡಗೈಯಿಂದ ಎರಡು ಕೊಳವೆ ಹೊರಟು ಪಕ್ಕದ ಯಂತ್ರಕ್ಕೆ ಹೋಗಿದ್ದವು. ಮೂತ್ರಪಿಂಡ ಸೋತಿದ್ದರಿಂದ ವಾರಕ್ಕೆ ಮೂರು ಸಲ ಆ ಯಂತ್ರವೇ ಅವರ ರಕ್ತ ತೊಳೆಯಬೇಕು.

"ಏನ್ಲಾ ನಯಾಜ್, ಬದುಕಿದೀಯಾ? ನಿನ್ನ ಸ್ಪೀಕರ್ ಸದ್ದಿಗೆ ಕಿವಿ ಹೋಗಿ ಮೂಲೆ ಸೇರ್ಕೊಂಡವ್ನೆ ಅಂದಿದ್ರು ಯಾರೋ."

"ನನ್ನ ಕಿವಿ ಹೋಗೋದಾ ಮಿಸ್? ಇಲ್ಲಿಂದಾನೇ ಕುಣಿಗಲ್ ಕೆರೆ ಮೀನು ಆಕಳಿಸೋದು ಕೇಳ್ತೈತೆ."

"ಸುಳ್ಳು," ಎಂದರು ಮಿಸ್, ಖುಷಿಯಿಂದ.

ಅಲ್ಲಿನ ಟೆಕ್ನಿಷಿಯನ್ ಚನ್ನೇಶ್ ನನ್ನ ಹಳೆಯ ಗಿರಾಕಿ. ಅವನ ಮದುವೆಗೆ ಸೌಂಡ್ ನನ್ನದೇ. ಅವನು ಮಿಸ್ ಮೊಣಕೈಯ ಮಡಿಕೆ ತೋರಿಸಿದ. ಅಲ್ಲಿ ಚರ್ಮದಡಿ ಹಗ್ಗದಷ್ಟು ದಪ್ಪನೆಯ ನಾಳ. ಹೃದಯದಿಂದ ಬರುವ ನಾಳವನ್ನು ಹೃದಯಕ್ಕೆ ಮರಳುವ ನಾಳಕ್ಕೆ ಸೇರಿಸಿ ಹೊಲಿದಿರುತ್ತಾರೆ. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಡಯಾಲಿಸಿಸ್ ಸೂಜಿ ಚುಚ್ಚುವುದು ಅದಕ್ಕೇ. ನಾನು ಬೆರಳಿಟ್ಟೆ. ಅಬ್ಬಾ! ಒಳಗೆ ಜೇನುಗೂಡು. ಗುಂಯ್ ಎಂದು ಬೆರಳ ತುದಿಯಿಂದ ನನ್ನ ಚಿನ್ನದ ಹಲ್ಲಿನವರೆಗೂ ನಡುಗಿತು.

"ಈ ಗುಂಯ್ ಇದ್ರೆ ರಕ್ತ ಹರೀತಿದೆ ಅಂತ," ಎಂದ ಚನ್ನೇಶ್. "ನಿಂತೋದ್ರೆ ಒಳಗೆ ಹೆಪ್ಪುಗಟ್ಟಿದೆ ಅಂತ. ನಿಂತ ದಿನಾನೇ ಓಡಿಬಂದ್ರೆ ಹೆಪ್ಪು ತೆಗೆದು ಉಳಿಸ್ಕೋಬೋದು. ತಡ ಆದ್ರೆ ಆ ಕೈ ಮುಗೀತು. ಅದಕ್ಕೇ ಎಲ್ಲರಿಗೂ ಹೇಳ್ತೀವಿ, ದಿನಾ ಬೆಳಗ್ಗೆ ಬೆರಳಿಟ್ಟು ನೋಡ್ಕೊಳಿ ಅಂತ."

ಮಿಸ್‌ಗೆ ಬಲಗೈಯದು ಹೀಗೇ ಹೋಗಿತ್ತು. ಎಡ ಮಣಿಕಟ್ಟಿನದೂ ಹೋಗಿತ್ತು. ಉಳಿದದ್ದು ಮೊಣಕೈಯದೊಂದೇ. ಇನ್ನು ಹೊಲಿಯಲು ಒಳ್ಳೆಯ ನಾಳವಿಲ್ಲ, ಇದೂ ಹೋದರೆ ಕುತ್ತಿಗೆಗೆ ಕೊಳವೆ ಹಾಕಬೇಕು, ಅದರಿಂದ ನಂಜು ಏರಿದರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಹೇಳಿದ್ದರು. ನನ್ನ ಕಿವಿ ಹಿಂಡಿದ ಆ ಜೀವ ಒಂದು ಗುಂಯ್ ಸದ್ದಿಗೆ ಜೋತುಬಿದ್ದಿತ್ತು.

"ದಿನಾ ನೋಡ್ಕೋತೀರಾ ಮಿಸ್?" ಎಂದು ಚನ್ನೇಶ್ ಅಭ್ಯಾಸದಂತೆ ಕೇಳಿದ.

"ನೋಡ್ಕೋತೀನಿ ಕಣಪ್ಪ. ಚೆನ್ನಾಗೇ ಇದೆ."

ಅಲ್ಲಿಗೆ ಎಲ್ಲರೂ ಸುಮ್ಮನಾಗುತ್ತಿದ್ದರು. ಅನುಪಮಾ ಸುಮ್ಮನಾಗಲಿಲ್ಲ. ತನ್ನ ಫೋನನ್ನು ಕರ್ಚೀಫಿನಲ್ಲಿ ಸುತ್ತಿ ಮಿಸ್ ತೊಡೆಯ ಮೇಲಿಟ್ಟಳು.

"ಮಿಸ್, ಒಂದು ಆಟ ಆಡೋಣ. ಕಣ್ಣು ಮುಚ್ಚಿ, ಬಲಗೈ ಬೆರಳು ಇದರ ಮೇಲಿಡಿ. ಫೋನು ನಡುಗ್ತಿದೆಯಾ, ಇಲ್ವಾ?"

ಮಿಸ್ ಬೆರಳಿಟ್ಟರು. ಸ್ವಲ್ಪ ಯೋಚಿಸಿದರು. "ನಡುಗ್ತಿದೆ."

ಅನುಪಮಾ ಕರ್ಚೀಫ್ ಬಿಚ್ಚಿದಳು. ಫೋನು ಪೂರ್ತಿ ಆಫ್ ಆಗಿತ್ತು.

ವಾರ್ಡಿನ ಯಂತ್ರಗಳೆಲ್ಲ ಒಟ್ಟಿಗೆ ಉಸಿರು ಹಿಡಿದವು. ಮಿಸ್ ಮುಖ ಕೆಂಪಗಾಯಿತು. ಬೈಯುತ್ತಾರೆ ಅಂದುಕೊಂಡು ನಾನು ನನ್ನ ಕಿವಿ ಮುಚ್ಚಿಕೊಂಡೆ. ಮಿಸ್ ಬೈಯಲಿಲ್ಲ.

"ಗೊತ್ತಾಗಲ್ಲ ಕಣಮ್ಮ," ಎಂದರು ಮೆಲ್ಲಗೆ. "ಸಕ್ಕರೆ ಕಾಯಿಲೆ. ಬೆರಳ ತುದಿ ಜೋಮು ಹಿಡಿದು ಎಷ್ಟೋ ಕಾಲ ಆಯ್ತು. ಬಿಸಿ ಲೋಟ ಹಿಡಿದ್ರೂ ಗೊತ್ತಾಗಲ್ಲ. ದಿನಾ ನೋಡ್ಕೋತೀರಾ ಅಂತಾರೆ, ನೋಡ್ಕೋತೀನಿ ಅಂತೀನಿ. ಬೆರಳು ಇಟ್ಟು ನೋಡ್ಕೊಳೋದು ನಿಜಾನೇ ಅಲ್ವಾ?"

"ಸುಮನಕ್ಕಂಗೆ ಹೇಳ್ಬೋದಿತ್ತಲ್ವಾ?" ಎಂದ ಚನ್ನೇಶ್. ಸುಮನಾ ಮಿಸ್ ಸೊಸೆ, ಕುಣಿಗಲ್‌ನಲ್ಲೇ ಬ್ಯಾಂಕಿನಲ್ಲಿ ಕೆಲಸ.

"ಬೆಳಗ್ಗೆ ಅವಳು ಮಕ್ಕಳನ್ನ ಹೊರಡಿಸ್ತಾಳಾ, ತಾನು ಹೊರಡ್ತಾಳಾ, ನನ್ನ ಕೈ ಹಿಡ್ಕೊಂಡು ನಿಂತ್ಕೋತಾಳಾ? ದಿನಾ ಒಬ್ಬರ ಮುಂದೆ ಕೈ ಚಾಚ್ಕೊಂಡು ನಿಲ್ಲೋದು ನಂಗಾಗಲ್ಲಪ್ಪ."

ಅನುಪಮಾ ಅವತ್ತೇ ಆ ಫೋನನ್ನು ವಾರ್ಡಿನ ಮಂಚ ಮಂಚಕ್ಕೂ ಕೊಂಡೊಯ್ದಳು. ಸಕ್ಕರೆ ಕಾಯಿಲೆಯವರಲ್ಲಿ ಅರ್ಧಕ್ಕರ್ಧ ಜನ ಆಫ್ ಆದ ಫೋನು ನಡುಗುತ್ತಿದೆ ಅಂದರು, ಇಲ್ಲವೇ ನಡುಗುವ ಫೋನು ಸುಮ್ಮನಿದೆ ಅಂದರು. ಚನ್ನೇಶ್ ಸ್ಟೂಲಿನ ಮೇಲೆ ಕುಸಿದ. "ಇಷ್ಟು ವರ್ಷದಿಂದ ಕೇಳ್ತಾನೇ ಇದೀನಲ್ಲ ಮೇಡಂ, ಎಲ್ಲರೂ ಹೂಂ ಅಂತಾನೇ ಹೇಳ್ತಿದ್ರು."

"ಹೂಂ ಅನ್ನೋ ಥರಾನೇ ಕೇಳ್ತಿದ್ವಿ, ಚನ್ನೇಶ್," ಎಂದಳು ಅವಳು. 'ಕೇಳ್ತಿದ್ರಿ' ಎನ್ನಲಿಲ್ಲ ನೋಡಿ. 'ಕೇಳ್ತಿದ್ವಿ.' ಅಲ್ಲಿಗೆ ನಾನು ಆ ಹುಡುಗಿಯ ಶಿಷ್ಯನಾದೆ. ನನ್ನಂಥ ಗುರುವೇ ಶಿಷ್ಯನಾದನೆಂದರೆ ಅವಳೆಷ್ಟು ದೊಡ್ಡವಳೆಂದು ನೀವೇ ಲೆಕ್ಕ ಹಾಕಿ.

ಅವಳು ತನ್ನ ಕೋಣೆಯ ಗೋಡೆಯ ಮೇಲೆ ಒಂದೇ ವಾಕ್ಯ ಬರೆದಳು: ಬೆರಳು ಜೋಮು ಹಿಡಿದವರಿಗೆ, ಮನೆಯಲ್ಲಿ, ಯಾರ ಹಂಗೂ ಇಲ್ಲದೆ, ಕೈಯಲ್ಲಿ ರಕ್ತ ಹರಿಯುತ್ತಿದೆಯೇ ಎಂದು ದಿನಾ ತಿಳಿಯಬೇಕು.

"ಇಷ್ಟೇನಾ? ಇದಕ್ಕೆ ಇಷ್ಟು ತಿಂಗಳು ಕೂತಿದ್ದಾ?" ಎಂದೆ.

"ಈ ವಾಕ್ಯ ತಪ್ಪಾದ್ರೆ ಮುಂದಿನ ಮೂರು ವರ್ಷ ನಾವು ಬಲು ಚೆನ್ನಾಗಿರೋ ತಪ್ಪು ಮಷೀನು ಮಾಡ್ತೀವಿ, ನಯಾಜ್ ಭಾಯ್."

ನನಗೆ ರೊಟ್ಟಿ ಯಂತ್ರ ನೆನಪಾಯಿತು. ಆದರೂ ರಕ್ತದಲ್ಲಿ ಹರಿಯುವ ಪ್ರತಿಭೆ ಎಲ್ಲಿ ಸುಮ್ಮನಿರುತ್ತದೆ? ಅವಳು ಇನ್ನೂ ಯೋಚಿಸುತ್ತಿರುವಾಗಲೇ ನಾನು ಮುಗಿಸಿಬಿಟ್ಟೆ. ಕೈಗೆ ಬಿಗಿದು ಕಟ್ಟುವ ಪಟ್ಟಿ, ಅದರಲ್ಲಿ ತಬಲಾ ಬಿಲ್ಲೆ, ಗುಂಯ್ ನಿಂತರೆ ಕೂಗಿಕೊಳ್ಳುವ ಸೈರನ್. ಸೌಂಡ್ ಲೈನಿನವರಾದ ನಮಗೆ ಒಂದು ನಂಬಿಕೆ: ಸದ್ದು ಹೆಚ್ಚಾದಷ್ಟೂ ಒಳ್ಳೆಯದು. ಮಿಸ್ ಡಯಾಲಿಸಿಸ್‌ಗೆ ಬಂದ ದಿನ ಅವರ ಕೈಗೆ ಕಟ್ಟಿದೆ. ಪಟ್ಟಿ ಒಂದು ಕೂದಲೆಳೆ ಜಾರಿತು. ಸೈರನ್ ಕೂಗಿತು. ಬಿ.ಎಚ್. ರಸ್ತೆಯಲ್ಲಿ ಎರಡು ಆಂಬುಲೆನ್ಸ್ ದಾರಿ ಬಿಟ್ಟು ಪಕ್ಕಕ್ಕೆ ನಿಂತವು, ಬೆಂಗಳೂರು ಬಸ್ಸಿನ ಡ್ರೈವರ್ ಇಳಿದು ಓಡಿದ.

ಅನುಪಮಾ ಓಡಿಬಂದು ಪಟ್ಟಿ ಬಿಚ್ಚಿದಳು. "ನಯಾಜ್ ಭಾಯ್! ಈ ಕೈಗೆ ಏನನ್ನೂ ಬಿಗಿದು ಕಟ್ಟೋ ಹಾಗಿಲ್ಲ. ಬಿಗಿದ್ರೆ ಅದರಿಂದಲೇ ಹೆಪ್ಪುಗಟ್ಟುತ್ತೆ. ವಾಚು ಕಟ್ಟೋ ಹಾಗಿಲ್ಲ, ಬಿಪಿ ನೋಡೋ ಹಾಗೂ ಇಲ್ಲ."

ಚನ್ನೇಶ್ ಗೋಡೆಯ ಬೋರ್ಡಿನ ಕಡೆ ಬೆರಳು ತೋರಿಸಿದ. ಇದೇ ಮಾತು ಅಲ್ಲಿ ಮೊಳದುದ್ದ ಅಕ್ಷರದಲ್ಲಿತ್ತು. ಯಂತ್ರವೇನೋ ಲೋಕಕ್ಕೇ ಮಾದರಿಯಾಗಿತ್ತು. ಕೈಗೆ ಅದರ ಯೋಗ್ಯತೆ ಇರಲಿಲ್ಲ, ಅಷ್ಟೆ.

ಇನ್ನೊಬ್ಬರಾಗಿದ್ದರೆ ನನ್ನನ್ನು ವಾರ್ಡಿನಿಂದ ಆಚೆ ಹಾಕುತ್ತಿದ್ದರು. ಅವಳು ಮಂಚದ ಪಕ್ಕ ಕೂತು, "ಮಿಸ್, ಇದರಲ್ಲಿ ಬೇರೆ ಏನೇನು ಹಿಡಿಸ್ಲಿಲ್ಲ, ಹೇಳಿ," ಎಂದು ಕೇಳಿದಳು. ಮಿಸ್ ಹೇಳುತ್ತಲೇ ಹೋದರು, ಇವಳು ತಲೆಯಾಡಿಸುತ್ತಾ ಕೇಳುತ್ತಲೇ ಇದ್ದಳು. ಬಸ್ಸಿನಲ್ಲಿ ಕೂಗಿದರೆ ಮರ್ಯಾದೆ ಹೋಗುತ್ತದೆ. ಹಾಕಿಕೊಳ್ಳುವುದು ಮರೆತುಹೋಗುತ್ತದೆ. ಫೋನು ಒತ್ತು ಅದು ಒತ್ತು ಅಂದರೆ ಬೆರಳು ಓಡುವುದಿಲ್ಲ. ಅವಳದೇ ಮೊದಲ ಯೋಚನೆ, ಚರ್ಮಕ್ಕೆ ಅಂಟಿಸುವ ಬಿಲ್ಲೆ, ಅದೂ ಸೋತಿತ್ತು; ತನ್ನ ಕೈಗೇ ಅಂಟಿಸಿಕೊಂಡು ತಿರುಗಿ, ತುರಿಕೆ ಎದ್ದು, ತಾನೇ ಕಿತ್ತು ಬಿಸಾಡಿದ್ದಳು. ತಾನು ಮಾಡಿದ್ದನ್ನು ಅಷ್ಟು ನಿರ್ಮೋಹದಿಂದ ಬಿಸಾಡುವವರನ್ನು ನಾನು ಕಂಡಿರಲಿಲ್ಲ. ನನ್ನ ರೊಟ್ಟಿ ಯಂತ್ರ ಇನ್ನೂ ಅಟ್ಟದ ಮೇಲಿದೆ.

"ಕಟ್ಟಬಾರದು, ಅಂಟಿಸಬಾರದು, ಕೂಗಬಾರದು, ನೆನಪಿಟ್ಕೋಬೇಕಾಗಬಾರದು," ಎಂದಳು. "ಹಾಗಾದ್ರೆ ಈ ಕೈ ದಿನಾ ಯಾವಾಗ ತಾನಾಗೇ ಸುಮ್ನೆ ಕೂರುತ್ತೆ? ಅದನ್ನ ಆಸ್ಪತ್ರೇಲಿ ನೋಡೋಕಾಗಲ್ಲ."

ಹೀಗೆ ಅವಳು ಬೆಳಗಿನ ಬಸ್ಸು ಹಿಡಿದು ಕುಣಿಗಲ್‌ಗೆ ಹೋಗತೊಡಗಿದಳು. ಕೆರೆ ಏರಿಯ ಕಡೆಯಿಂದ ಗಾಳಿ ಬರುವ ಮಿಸ್ ಮನೆಯಲ್ಲಿ, ಅಡುಗೆಮನೆ ಬಾಗಿಲಲ್ಲಿ ಒಂದು ಮಣೆ ಹಾಕಿಕೊಂಡು ಕೂತುಬಿಡುವುದು. ಎರಡು ಸಲ ನಾನೂ ಹೋಗಿದ್ದೆ. ಮಿಸ್ ಕೈಯೋ, ಒಂದು ಕ್ಷಣ ನಿಲ್ಲುವ ಕೈಯಲ್ಲ. ಸೊಪ್ಪು ಸೋಸುತ್ತದೆ, ಮೊಮ್ಮಗಳ ಜಡೆ ಎಳೆಯುತ್ತದೆ, ಸುಮನಾ ಮಾಡಿದ ಸಾರಿಗೆ ಉಪ್ಪು ಸಾಲದು ಎಂದು ಗಾಳಿಯಲ್ಲೇ ಬರೆಯುತ್ತದೆ. ಮಾತಿಗೆ ನಿಂತರಂತೂ ಆ ಕೈ ಬೀಸಿದ ಗಾಳಿಗೆ ಕುಣಿಗಲ್ ಕೆರೆಯಲ್ಲಿ ಅಲೆ ಏಳುತ್ತದೆ.

ನಾನು ಜೊತೆಗಿದ್ದ ಎರಡನೆಯ ಬೆಳಗ್ಗೆ ಮಿಸ್ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗ ಪೂಜೆಗೆ ಕೂತರು. ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟುಕೊಂಡರು. ಎಡ ಮೊಣಕೈಯನ್ನು ಮಡಿಚಿದ ಕಾಲಿನ ಮೇಲೆ ಊರಿದರು. ದೃಷ್ಟಿ ಲಿಂಗದ ಮೇಲೆ ನಿಂತಿತು. ಮನೆಯಲ್ಲಿ ಕುಕ್ಕರ್ ಕೂಗಿತು, ಮೊಮ್ಮಗಳು ಬ್ಯಾಗ್ ಹುಡುಕುತ್ತಾ ಅತ್ತಳು, ಹೊರಗೆ ಹಾಲಿನವನು ಹಾರ್ನ್ ಹೊಡೆದ. ಆ ಕೈ ಅಲುಗಲಿಲ್ಲ.

ಅನುಪಮಾ ನನ್ನ ತೋಳು ಹಿಂಡಿದಳು. ಈಗಲೂ ಅಲ್ಲಿ ಕಪ್ಪಗಿದೆ. "ನೋಡಿ ಭಾಯ್," ಎಂದು ಪಿಸುಗುಟ್ಟಿದಳು. "ಅಂಗೈ ಮೇಲಕ್ಕೆ. ಮೊಣಕೈ ಮಡಿಕೆ ಆಕಾಶಕ್ಕೆ. ಬರೀ ಕೈ. ಅಲುಗಾಟ ಇಲ್ಲ. ದಿನಾ. ಯಾರೂ ನೆನಪಿಸದೆ."

ನಾವೆಲ್ಲ ಆ ಪೂಜೆಯನ್ನು ಹುಟ್ಟಿದಾಗಿನಿಂದ ನೋಡಿದವರೇ. ಗುಬ್ಬಿಯಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಅದು ದಿನಾ ಆಗುತ್ತಿತ್ತು. ಕಣ್ಣೆದುರಿಗಿದ್ದದ್ದನ್ನು ಕಾಣಲು ಆ ಹುಡುಗಿಯೇ ಬರಬೇಕಾಯಿತು.

ಪೂಜೆ ಮುಗಿದ ಮೇಲೆ ಅವಳು ಕೇಳಿಯೇಬಿಟ್ಟಳು. "ಮಿಸ್, ಪೂಜೆ ಹೊತ್ತಲ್ಲಿ ಮೊಣಕೈ ಮಡಿಕೆ ಮೇಲೆ ಹಗುರವಾಗಿ ಒಂದು ಪುಟ್ಟ ಚೀಲ ಇಟ್ರೆ ನಿಮಗೆ ಅಡ್ಡಿ ಆಗುತ್ತಾ? ಬೇಡ ಅಂದ್ರೆ ಖಂಡಿತ ಬೇಡ."

ಮಿಸ್ ಕೊರಳಿನ ಕರಡಿಗೆಯನ್ನು ಸರಿಮಾಡಿಕೊಂಡರು. "ಲಿಂಗಕ್ಕೆ ತಾಗಬಾರದು."

"ತಾಗಲ್ಲ."

"ಸದ್ದು ಮಾಡಬಾರದು. ಇವನು ಸೈರನ್ ಇಟ್ರೆ ಶಿವನೇ ಎದ್ದು ಓಡೋಗ್ತಾನೆ."

"ಇಡಲ್ಲ ಮಿಸ್," ಎಂದೆ ನಾನು, ಎದೆ ಒಡೆದುಕೊಂಡು.

"ಪೂಜೆ ಮಧ್ಯ ಮಿಣಮಿಣ ಅಂತ ದೀಪ ಬಿಟ್ಟು ನನ್ನ ಕಣ್ಣು ಎಳೀಬಾರದು. ಕೂತಾಗ ನಾನು ಶಿವನ ಜೊತೆ. ಏನಿದ್ರೂ ಎದ್ದ ಮೇಲೆ ಹೇಳ್ಲಿ."

ಮಿಸ್ ಹಾಕಿದ ಷರತ್ತುಗಳೇ ನಮ್ಮ ನಕ್ಷೆಯಾದವು. ಅನುಪಮಾ ಹೊಲಿದದ್ದು ಬಿಳಿ ಬಟ್ಟೆಯ ಪುಟ್ಟ ಚೀಲ, ಮಲ್ಲಿಗೆ ಪೊಟ್ಟಣದಷ್ಟು ಹಗುರ. ಒಳಗೆ ಒಂದು ಹಿಡಿ ರಾಗಿ, ಕೈಯ ಆಕಾರಕ್ಕೆ ತಾನೇ ಕೂರಲೆಂದು. ತಳದಲ್ಲಿ ನನ್ನ ಬಿಲ್ಲೆ. ಕುಕ್ಕರ್, ಹಾರ್ನ್, ಮೊಮ್ಮಗಳು, ಎಲ್ಲವನ್ನೂ ಸೋಸಿ ಗುಂಯ್ ಒಂದನ್ನೇ ಕೇಳುವ ಹಾಗೆ ಅದನ್ನು ಹದಮಾಡಿದವನು ನಾನೇ. ಆ ಕೆಲಸದಲ್ಲಿ ನನ್ನ ಕೂದಲು ಉದುರಿ, ಮತ್ತೆ ಹುಟ್ಟಿ, ಮತ್ತೆ ಉದುರಿತು. ಪೂಜೆ ಮುಗಿದು ಚೀಲ ಎತ್ತಿದಾಗ ಮಾತ್ರ ಒಂದು ದೀಪ: ಹಸಿರಾದರೆ ಹರಿಯುತ್ತಿದೆ, ಕೆಂಪಾದರೆ ಹರಿಯುತ್ತಿಲ್ಲ.

ಅಲ್ಲಿಗೇ ಬಿಡುವ ಹುಡುಗಿಯಲ್ಲ ಅವಳು. ಆಸ್ಪತ್ರೆಯ ಸಮಿತಿಯ ಒಪ್ಪಿಗೆ ತಂದಳು, ರೋಗಿಗಳನ್ನು ಕೇಳಿ ಒಪ್ಪಿಸಿದಳು, ಚೀಲ ಹೇಳಿದ್ದನ್ನು ಸ್ಕ್ಯಾನಿಂಗ್ ಯಂತ್ರ ಹೇಳಿದ್ದರ ಪಕ್ಕ ಇಟ್ಟು ಇಟ್ಟು ನೋಡಿದಳು. ಎಲ್ಲರೂ ಲಿಂಗಪೂಜೆ ಮಾಡುವವರಲ್ಲವಲ್ಲ. ಅಂಜಿನಪ್ಪ ಎಂಬ ಗಾರೆ ಮೇಸ್ತ್ರಿ ಸಂಜೆ ಟಿವಿ ಮುಂದೆ ಕೂತಾಗ ಕೈ ಚಾಚಿ ಬಿಡುತ್ತಾನೆಂದು ಕಂಡುಹಿಡಿದು ಅಲ್ಲಿಗೇ ಚೀಲ ಕೊಟ್ಟಳು. ನಮಾಜಿನ ನಂತರ ದುವಾ ಕೇಳುವಾಗಲೂ ಅಂಗೈ ಮೇಲಕ್ಕೇ ಇರುತ್ತದೆ ಎಂದು ಹೇಳಿದವನು ಯಾರು? ನಾನು. ಅದನ್ನೂ ಪರೀಕ್ಷೆ ಮಾಡಿದಳು, ಚೀಲ ಜಾರಿಬಿತ್ತು. "ಒಳ್ಳೇದಾಯ್ತು, ಗೊತ್ತಾಯ್ತಲ್ಲ," ಎಂದಳು. ಸೋಲನ್ನು ಹಬ್ಬದ ಹಾಗೆ ಬರಮಾಡಿಕೊಳ್ಳುವವರು ಅವಳನ್ನು ಬಿಟ್ಟರೆ ನನ್ನ ಯಂತ್ರ ಕೆಟ್ಟಾಗಲೆಲ್ಲ ಸಿಹಿ ಹಂಚುವ ನನ್ನ ಮಾವ ಒಬ್ಬರೇ.

ಮಿಸ್ ಮನೆಗೆ ಚೀಲ ಹೋಗಿ ಒಂದಷ್ಟು ಕಾಲವಾಗಿತ್ತು. ಅದೊಂದು ಶುಕ್ರವಾರ ಬೆಳಗ್ಗೆ ನಾನು ಗುಬ್ಬಿಯ ಕಲ್ಯಾಣ ಮಂಟಪದಲ್ಲಿ ಸ್ಪೀಕರ್ ಏರಿಸುತ್ತಿದ್ದೆ. ಸುಮನಾ ಫೋನು ಬಂತು.

"ನಯಾಜಣ್ಣ, ಚೀಲ ಕೆಂಪು ತೋರಿಸ್ತಿದೆ. ಅತ್ತೆ ಪೂಜೆ ಮುಗಿಸಿ ಎತ್ತಿ ನೋಡಿದ್ರಂತೆ. ಲಿಂಗ ಕರಡಿಗೇಲಿಟ್ಟು, ಆರಾಮಾಗಿ ಬಂದು, 'ಸುಮನಾ, ಕೈ ಹೋಗಿದೆ ಅನ್ಸುತ್ತೆ' ಅಂದ್ರು. ನಾನೂ ಬೆರಳಿಟ್ಟು ನೋಡ್ದೆ. ಏನೂ ಇಲ್ಲ ಅಣ್ಣ, ತಣ್ಣಗಿದೆ."

"ಅನುಪಮಾಗೆ ಮಾಡಿದ್ಯಾ?"

"ಸ್ವಿಚ್ ಆಫ್. ಬೆಂಗಳೂರಲ್ಲಿ ಮೀಟಿಂಗ್ ಅಂದಿದ್ರು. ಆಸ್ಪತ್ರೆ ಕೌಂಟರಿಗೆ ಮಾಡ್ದೆ. ರಾಗಿ ಚೀಲ ಕೆಂಪಾಯ್ತು ಅಂದ್ರೆ ನಗ್ತಾರಣ್ಣ. ನಾಳೆ ಹೇಗೂ ಡಯಾಲಿಸಿಸ್‌ಗೆ ಬರ್ತೀರಲ್ಲ, ಆವಾಗ ನೋಡೋಣ ಅಂತಾರೆ. ಕಾರು ಮಾಡ್ಕೊಂಡು ಹೊರಡ್ತಿದೀವಿ. ಆದ್ರೆ ಆ ಆಪರೇಷನ್ ಡಾಕ್ಟ್ರು..."

ಅವಳು ಮುಂದೆ ಹೇಳಬೇಕಾಗಿರಲಿಲ್ಲ. ನಾಳದ ಹೆಪ್ಪು ತೆಗೆಯುವ ಸರ್ಜನ್ ಬೆಂಗಳೂರಿನಿಂದ ಶುಕ್ರವಾರ ಮಾತ್ರ ಬಂದು, ಬೆಳಗಿನ ರೌಂಡ್ಸ್ ಮುಗಿಸಿ ಹೊರಟುಬಿಡುತ್ತಿದ್ದರು. ಅವರನ್ನು ಹಿಡಿದು ನಿಲ್ಲಿಸದಿದ್ದರೆ ಇವರು ಬಂದೂ ಉಪಯೋಗವಿಲ್ಲ. ನಾಳೆ ಎಂದರೆ ಕೈ ಇಲ್ಲ.

ಚನ್ನೇಶ್‌ನ ಸ್ವಂತ ನಂಬರು ಸುಮನಾ ಬಳಿ ಇರಲಿಲ್ಲ, ನನ್ನ ಬಳಿ ಇತ್ತು. ಹಚ್ಚಿದೆ. "ಚನ್ನೇಶಾ! ಮುಳುಗೋಯ್ತು ಕಣೋ! ತುಮಕೂರು ಜಿಲ್ಲೇಗೆ ಜಿಲ್ಲೇನೇ..."

"ಭಾಯ್," ಎಂದ ಅವನು ನಗುತ್ತಾ, "ಇವತ್ತೇನು? ನಿಮ್ ಸ್ಪೀಕರ್ ಸದ್ದಿಗೆ ಇನ್ನೊಬ್ಬರ ಕಿಡ್ನಿ ಕಲ್ಲು ಪುಡಿಯಾಯ್ತಾ? ಸೂಜಿ ಹಾಕ್ತಿದೀನಿ, ಆಮೇಲ್ ಮಾಡಿ." ಫೋನಿಟ್ಟ.

ನಾನು ಕೈಯಲ್ಲಿದ್ದ ಫೋನನ್ನೇ ನೋಡಿದೆ. ಕಲ್ಯಾಣ ಮಂಟಪದ ತುಂಬ ನನ್ನದೇ ಸ್ಪೀಕರುಗಳು, ಒಂದಕ್ಕಿಂತ ಒಂದು ದೊಡ್ಡವು. ಅವುಗಳಲ್ಲಿ ಒಂದೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ. ಅನುಪಮಾಳ ಗೋಡೆಯ ಮೇಲಿನ ವಾಕ್ಯ ನೆನಪಾಯಿತು. ಗಂಟಲು ಸರಿಮಾಡಿಕೊಂಡು ಮತ್ತೆ ಫೋನು ಮಾಡಿದೆ. ಅವನು ಎತ್ತಿದ್ದೇ ತಡ, ಉಸಿರು ಬಿಡದೆ ಹೇಳಿದೆ:

"ಚನ್ನೇಶ್, ಸರ್ವಮಂಗಳ ಮಿಸ್ ಕೈ ನಿನ್ನೆ ಬೆಳಗ್ಗೆ ಹರೀತಿತ್ತು, ಇವತ್ತು ಬೆಳಗ್ಗೆ ಹರೀತಿಲ್ಲ. ಸುಮನಾ ಬೆರಳಿಟ್ಟು ನೋಡವಳೆ. ಕಾರಲ್ಲಿ ಕರ್ಕೊಂಡ್ ಬತ್ತಾವಳೆ."

ಆ ಕಡೆ ಸೂಜಿಯ ಟ್ರೇ ಕೆಳಗಿಟ್ಟ ಸದ್ದಾಯಿತು.

"ಭಾಯ್? ನೀವೇನಾ ಮಾತಾಡ್ತಿರೋದು?"

"ಹೂಂ."

"ಇಷ್ಟೇನಾ?"

"ಇಷ್ಟೇ."

ಆಮೇಲೆ ಅವನೇ ಹೇಳಿದ: ಮಿಸ್ ಕೈ ನಿಂತದ್ದಕ್ಕಿಂತ ಹೆಚ್ಚಾಗಿ, ನಾನು ಅಷ್ಟಕ್ಕೇ ಬಾಯಿ ಮುಚ್ಚಿದ್ದು ಕೇಳಿ ಅವನು ಹೆದರಿಬಿಟ್ಟನಂತೆ. ಮೆಟ್ಟಿಲ ಮೇಲಿಂದ ಹಾರಿ, ಗೇಟು ದಾಟುತ್ತಿದ್ದ ಸರ್ಜನ್ ಕಾರಿಗೆ ಅಡ್ಡ ನಿಂತನಂತೆ. ಇದು ಉತ್ಪ್ರೇಕ್ಷೆಯಲ್ಲ. ಕಾರಿನ ಬಾನೆಟ್ಟಿನ ಮೇಲೆ ಅವನ ಎರಡೂ ಅಂಗೈ ಗುರುತನ್ನು ಸೆಕ್ಯುರಿಟಿಯವರು ಇವತ್ತಿಗೂ ಬಂದವರಿಗೆಲ್ಲ ತೋರಿಸುತ್ತಾರೆ. ಸರಿ, ಗುರುತಿನ ಮಾತು ಉತ್ಪ್ರೇಕ್ಷೆ. ಅಡ್ಡ ನಿಂತದ್ದು ನಿಜ.

ನಾನು ಹುಲಿಯ ಬೆನ್ನೇರಿದವನು, ಸೊಳ್ಳೆಗಳಿಗೆ ಸಂಗೀತ ಕಲಿಸಿದವನು. ಆದರೆ ಆ ವಾಕ್ಯಕ್ಕೆ ಒಂದು ಅಕ್ಷರವನ್ನೂ ಸೇರಿಸದೆ ಬಿಟ್ಟೆನಲ್ಲ, ಅಂಥ ಸಾಹಸವನ್ನು ನನ್ನ ವಂಶದಲ್ಲೇ ಯಾರೂ ಮಾಡಿಲ್ಲ.

ನನ್ನ ಗಾಡಿ ಗುಬ್ಬಿಯಿಂದ ಬಂದು ತಲುಪುವ ಹೊತ್ತಿಗೆ ಮಿಸ್ ಒಳಗೆ ಹೋಗಿಯಾಗಿತ್ತು. ಆಪರೇಷನ್ ಕೋಣೆಯ ಹೊರಗೆ ಸುಮನಾ, ನಾನು, ನನ್ನ ಮಡಿಲಲ್ಲಿ ಆ ರಾಗಿ ಚೀಲ. ಅದರ ತಳದ ಬಿಲ್ಲೆಯನ್ನು ಉಜ್ಜಿ ಉಜ್ಜಿ ನಾನು ಅರ್ಧ ಸವೆಸಿದೆ. ಸರ್ಜನ್ ಹೊರಗೆ ಬಂದು ಮಾಸ್ಕ್ ಇಳಿಸಿದರು.

"ಹೆಪ್ಪು ತೆಗೆದಿದೀವಿ. ಹರೀತಿದೆ. ಇನ್ನೂ ಹೊಸ ಹೆಪ್ಪು, ಅದಕ್ಕೇ ಸುಲಭವಾಗಿ ಬಂತು. ನಾಳೆ ಬಂದಿದ್ರೆ ಹೇಳೋಕಾಗ್ತಿರಲಿಲ್ಲ." ಚೀಲದ ಕಡೆ ನೋಡಿದರು. "ಇದೇನಾ ಅದು?" ಎಂದು ಎತ್ತಿ, ತೂಗಿ, ತಮ್ಮ ಮೊಣಕೈ ಮೇಲೆ ಇಟ್ಟುಕೊಂಡು ನೋಡಿದರು. ಬೆಂಗಳೂರಿಗೆ ಹೊರಡಬೇಕಾದ ಮನುಷ್ಯ ಅಲ್ಲೇ ಕೂತು ಅರ್ಧ ಗಂಟೆ ಪ್ರಶ್ನೆ ಕೇಳಿದರು.

ಅನುಪಮಾ ಬಂದದ್ದು ಮಧ್ಯಾಹ್ನ, ಬಸ್‌ಸ್ಟ್ಯಾಂಡಿನಿಂದ ಓಡುತ್ತಲೇ. ಮಿಸ್ ಮಲಗಿದ್ದನ್ನು ನೋಡಿ, ಅವರ ಕೈ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ ನಿಂತಳು. ನಾನು ಅಂದುಕೊಂಡೆ, ಈಗ ಕುಣಿಯುತ್ತಾಳೆ, ಲಡ್ಡು ತರಿಸುತ್ತಾಳೆ, ಊರಿಗೆಲ್ಲ ಸಾರಲು ನನ್ನ ಸ್ಪೀಕರ್ ಕೇಳುತ್ತಾಳೆ. ಅವಳು ಕಣ್ಣೊರೆಸಿಕೊಂಡು, ಸುಮನಾ ಕಡೆ ತಿರುಗಿ, "ಕೌಂಟರಲ್ಲಿ ನಕ್ಕರಂತಲ್ಲ, ಸರಿಯಾಗಿ ಏನಂದ್ರು?" ಎಂದು ಕೇಳಿದಳು.

"ಬಿಡಿ ಅನುಪಮಾ, ಈಗೆಲ್ಲಾ ಸರಿ ಹೋಯ್ತಲ್ಲ."

"ಇಲ್ಲ ಸುಮನಕ್ಕ. ಚೀಲ ಹೇಳ್ತು, ನೀವೂ ಹೇಳಿದ್ರಿ, ಯಾರೂ ಕೇಳಿಸ್ಕೊಳ್ಲಿಲ್ಲ. ನಯಾಜ್ ಭಾಯ್ ಇಲ್ಲದಿದ್ರೆ ಏನಾಗ್ತಿತ್ತು? ಎಲ್ಲರ ಮನೇಲೂ ಒಬ್ಬ ನಯಾಜ್ ಭಾಯ್ ಇರಲ್ಲವಲ್ಲ."

ಅದು ಲೋಕದ ದುರದೃಷ್ಟ ಎಂದು ನಾನು ಹೇಳುವಷ್ಟರಲ್ಲಿ ಅವಳು ಚನ್ನೇಶ್‌ನನ್ನು ಕರೆದುಕೊಂಡು ಕೌಂಟರಿನ ಕಡೆ ಹೊರಟಾಗಿತ್ತು. ಜಗಳಕ್ಕಲ್ಲ. ಅಲ್ಲೊಂದು ಕುರ್ಚಿ ಹಾಕಿಕೊಂಡು, ಅಲ್ಲಿನವರಿಗೆ ದಿನಕ್ಕೆ ಎಂತೆಂಥ ಫೋನು ಬರುತ್ತದೆ, ಯಾವುದನ್ನು ಅವರು ನಂಬುತ್ತಾರೆ, ಯಾಕೆ ನಂಬುತ್ತಾರೆ ಎಂದು ಕೂತು ಕೇಳುವುದಕ್ಕೆ.

ಸಂಜೆ ಮಿಸ್‌ಗೆ ಪೂರ್ತಿ ಎಚ್ಚರವಾಯಿತು. ಮೊದಲು ಕರಡಿಗೆ ಮುಟ್ಟಿನೋಡಿಕೊಂಡರು. ಆಮೇಲೆ ನನ್ನನ್ನು ಕಂಡರು.

"ಚನ್ನೇಶ್ ಹೇಳ್ದ. ಇವತ್ತು ಒಂದು ವಾಕ್ಯ ನಿಜ ಹೇಳಿದ್ಯಂತೆ."

"ತಪ್ಪಾಯ್ತು ಮಿಸ್."

"ನಾನೂ ಹೇಳಿದ್ನಲ್ಲೋ, ಕೈ ಹೋಗಿದೆ ಅಂತ. ಎಷ್ಟು ದಿನ ಚೆನ್ನಾಗಿದೆ ಚೆನ್ನಾಗಿದೆ ಅಂದಿದ್ದೆ." ಬ್ಯಾಂಡೇಜು ಸುತ್ತಿದ ಕೈಯನ್ನೊಮ್ಮೆ ನೋಡಿಕೊಂಡರು. "ಅದು ಹೇಗಿರುತ್ತೋ ನಯಾಜ್? ಎಲ್ಲರೂ ಗುಂಯ್ ಅಂತೀರಿ. ನಂಗೆ ಇದುವರ್ಗೂ ಗೊತ್ತೇ ಇಲ್ಲ."

ಇಷ್ಟು ದಿನ ನಾವು ಆ ಕೈಯ ಸದ್ದನ್ನು ಡಾಕ್ಟರಿಗೆ ಕೇಳಿಸಿದೆವು, ಸಮಿತಿಗೆ ಕೇಳಿಸಿದೆವು. ಕೈಯ ಒಡತಿಗೆ ಕೇಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಾನು ಗಾಡಿಗೆ ಓಡಿ ಹೆಡ್‌ಫೋನು ಮತ್ತು ಪುಟ್ಟ ಆಂಪ್ಲಿಫೈಯರ್ ತಂದೆ. ಬ್ಯಾಂಡೇಜಿನಿಂದಾಚೆ ಎಲ್ಲಿ ತಾಗಿಸಬಹುದೆಂದು ಚನ್ನೇಶ್ ನೋಡಿ ಹೇಳಿದ. ಬಾಗಿಲಿಗೆ ಬಂದಿದ್ದ ಅನುಪಮಾ ಅಲ್ಲಿ ಚೀಲವನ್ನು ಮೆಲ್ಲಗೆ ಇಟ್ಟಳು. ಸೌಂಡನ್ನು ನಾನು, ಈ ನಯಾಜ್ ಅಹಮದ್, ಜೀವಮಾನದಲ್ಲೇ ಮೊದಲ ಸಲ ಅತಿ ಕಡಿಮೆಗೆ ಇಳಿಸಿದೆ.

ಮಿಸ್ ಕೇಳಿದರು. ಕಣ್ಣರಳಿತು. ಕೇಳುತ್ತಲೇ ಇದ್ದರು. ನರ್ಸ್ ಬಂದು ಹೋದಳು, ಕಾಫಿ ಬಂದು ಆರಿಹೋಯಿತು.

"ನಿನ್ನ ಥರಾನೇ ಕಣೋ ಇದು," ಎಂದರು ಕೊನೆಗೆ. "ಒಂದು ಕ್ಷಣ ಬಾಯಿ ಮುಚ್ಚಲ್ಲ."

"ಮುಚ್ಚದೇ ಇರ್ಲಿ ಬುಡಿ, ಮಿಸ್."

ಮಿಸ್ ಬಲಗೈ ನನ್ನ ಕಿವಿಯ ಕಡೆ ಬಂತು. ನಾನು ಬಗ್ಗಿ ಕೊಟ್ಟೆ.